ಸೋಮಾರಿ ಅನ್ನೋ ಮೊದಲು

ನಮ್ಮೂರು ಮಂಗಳೂರು. ಕಡಲ ಮಂಗಳೂರಲ್ರೀ, ಕೊಪ್ಪಳ ಜಿಲ್ಲೆಯದು. ಇಷ್ಟು ಹೇಳಿದ್ದೇ ತಡ, ಆಫೀಸ್ ಕ್ಯಾಂಟೀನಿನಲ್ಲಿ ಸಹೋದ್ಯೋಗಿಯೊಬ್ಬರು ತೀರ್ಪು ಕೊಟ್ಟೇಬಿಟ್ಟರು: "ಆ ಕಡೆ ಜನ ಸೋಮಾರಿಗಳು. ಅದಕ್ಕೇ 371ಜೆ ಮೀಸಲಾತಿ ಬೇಕು."

ಈ ರೋಗಕ್ಕೆ ಮನಃಶಾಸ್ತ್ರದ ಮೊದಲ ಪಾಠಗಳಲ್ಲೇ ಹೆಸರಿದೆ: ಫಂಡಮೆಂಟಲ್ ಅಟ್ರಿಬ್ಯೂಷನ್ ಎರರ್. 1977ರಲ್ಲಿ ಲೀ ರಾಸ್ ಇಟ್ಟ ಹೆಸರು. ಇನ್ನೊಬ್ಬರು ಮಾಡಿದ್ದಕ್ಕೆಲ್ಲ ಅವರ ಸ್ವಭಾವವೇ ಕಾರಣ ಅಂದುಕೊಂಡು, ಸನ್ನಿವೇಶ ಮರೆಯೋದು. ನಾವು ಲೇಟಾದರೆ ಸಿಲ್ಕ್ ಬೋರ್ಡ್ ಟ್ರಾಫಿಕ್ಕು. ಸೆಕ್ಯುರಿಟಿಯವನು ಲೇಟಾದರೆ ಶಿಸ್ತಿಲ್ಲ!

ನಮ್ಮ ಸನ್ನಿವೇಶ ಕೇಳ್ರಿ. 1948ರವರೆಗೆ ನಿಜಾಮನ ಆಳ್ವಿಕೆ. ಕೊಪ್ಪಳ ಜಿಲ್ಲೆಯಾಗಿದ್ದೇ 1997ರಲ್ಲಿ. ಮಳೆ ಕೈಕೊಟ್ಟರೆ ಮನೆಮಂದಿಯೆಲ್ಲ ಗಂಟುಮೂಟೆ ಕಟ್ಟಿ ದುಡಿಯಾಕ ಹೊರಡ್ತಾರೆ. 2012ರಲ್ಲಿ ಸಂಸತ್ತು 371ಜೆ ಒಪ್ಪಿದ್ದು ಈ ಹಿಂದುಳಿದ ಸ್ಥಿತಿಗೆ, ಸೋಮಾರಿತನಕ್ಕಲ್ಲ. ನಿಮ್ಮ ಅಪಾರ್ಟ್‌ಮೆಂಟ್ ಕಟ್ಟುವಾಗ ಬಿಸಿಲಲ್ಲಿ ಕಬ್ಬಿಣ ಹೊತ್ತವರಲ್ಲಿ ನಮ್ಮ ಕಡೆಯವರೂ ಇದ್ದರು. ಅವರು ಸೋಮಾರಿಗಳಾ?

ಸ್ವಭಾವ ಅನ್ನೋದೇ ಇಲ್ಲ ಅಂತಲ್ಲ. ಸೋಮಾರಿಗಳು ನಮ್ಮೂರಲ್ಲೂ ಇದ್ದಾರೆ, ನಮ್ಮ ಆಫೀಸಲ್ಲೂ ಇದ್ದಾರೆ. ಆದರೆ ಜಿಲ್ಲೆಗೆ ಜಿಲ್ಲೆಯೇ ಸೋಮಾರಿ ಆಗೋದಿಲ್ಲ.

ಬೈಯೋಕೆ ನನಗೂ ಪೂರ್ತಿ ಹಕ್ಕಿಲ್ಲ. ಹೋದ ವರ್ಷ ಇಂಟರ್‌ವ್ಯೂಗೆ ಕುಷ್ಟಗಿ ಕಡೆಯ ಹುಡುಗ ಬಂದಿದ್ದ. ಇಂಗ್ಲಿಷಿನಲ್ಲಿ ತಡವರಿಸಿದ. "ಕಾನ್ಫಿಡೆನ್ಸ್ ಇಲ್ಲ" ಅಂತ ಬರೆದು ಕಳಿಸಿದೆ. ಹತ್ತು ವರ್ಷದ ಹಿಂದೆ ಅದೇ ಥರ ಕುರ್ಚಿಯಲ್ಲಿ ಕೂತು ನಾನೂ ಹಾಗೇ ತಡವರಿಸಿದ್ದೆ. ಅದೇ ಪ್ರಶ್ನೆಯನ್ನ ಕನ್ನಡದಲ್ಲಿ ಒಮ್ಮೆ ಕೇಳಿದ್ದರೆ ನನ್ನ ಗಂಟೇನು ಹೋಗ್ತಿತ್ತು?

ಈಗ ಕೇಳ್ತೀನಿ. ನೀವೂ ಕೇಳ್ರಿ.