ಕುಂಡದ ಆಲ ಕಲಿಸಿದ ಪಾಠ

ಕಲಬುರಗಿಯಲ್ಲಿರುವ ನನ್ನ ಅಕ್ಕನ ಮಗಳು ಮಾಳಿಗೆ ಮೇಲೆ ಬೋನ್ಸಾಯ್ ಬೆಳೆಸಿದ್ದಾಳೆ. ಊಟದ ತಾಟಿನಷ್ಟು ಅಗಲದ ಕುಂಡ, ಅದರಲ್ಲಿ ಮೊಳದೆತ್ತರದ ಆಲ. ಹೊಲದಲ್ಲಿ ದುಡಿಯುವ ನಮಗೆ ಇದು ಪ್ಯಾಟಿಯವರ ಶೋಕಿ ಅನಿಸುವುದು ಸಹಜ.

ಕಳೆದ ಬೇಸಿಗೆಯಲ್ಲಿ ಹೋದಾಗ ಆ ಆಲದ ಎಲೆಯಂಚು ಸುಟ್ಟಿತ್ತು. ಮಣ್ಣಿನ ಮೇಲೆ ಬಿಳಿ ಉಪ್ಪು ಕೂತಿತ್ತು. 'ಮಾವಾ, ಎಲಿ ಹಳದಿ ಆಗ್ಯಾವಂತ ವಾರಕ್ಕೊಮ್ಮಿ ಯೂರಿಯಾ ಹಾಕೀನಿ. ಮತ್ತಷ್ಟು ಒಣಗಲತ್ತದ' ಎಂದಳು.

ಮೊದಲು ನಗು ಬಂತು, ಆಮೇಲೆ ನಾಚಿಕೆಯಾಯಿತು. ಕಮಲಾಪುರದ ನನ್ನ ಕೆಂಬಾಳೆ ತೋಟದಲ್ಲಿ ನಾನು ಮಾಡಿದ್ದೂ ಇದನ್ನೇ. ಎಲೆ ಹಳದಿಯಾದರೆ ಇನ್ನೊಂದು ಬೊಗಸೆ! ಕುಂಡದಲ್ಲಿ ಮಣ್ಣು ಕಡಿಮೆ, ತಪ್ಪು ತಿಂಗಳಲ್ಲೇ ಕಾಣುತ್ತದೆ. ಹೊಲ ಅದನ್ನು ಹತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಳ್ಳುತ್ತದೆ.

ಗೊಬ್ಬರ ನಿಲ್ಲಿಸಿದೆವು. ಕುಂಡದ ತಳದ ತೂತಿನಿಂದ ಹರಿದುಹೋಗುವಷ್ಟು ನೀರನ್ನು ಎರಡು ಮೂರು ಸಲ ಹಾಕಿ ಉಪ್ಪು ತೊಳೆದೆವು. ಗಿಡ ನೆರಳಿಗಿಟ್ಟೆವು. ಬೇರು ನೊಂದಿರುವಾಗ ಗೊಬ್ಬರ ಕೊಡಬಾರದು. ಹೊಸ ಚಿಗುರು ಬಂದ ಮೇಲಷ್ಟೇ ಪೂರ್ತಿ ಕಳಿತ ತಿಪ್ಪೆಗೊಬ್ಬರ ಒಂದು ಹಿಡಿ, ಬೇವಿನ ಹಿಂಡಿ ಚೂರು. ಹಿಂಡಿಯನ್ನು ಬೇರು ನೇರ ತಿನ್ನುವುದಿಲ್ಲ. ಮಣ್ಣಿನ ಸೂಕ್ಷ್ಮಜೀವಿಗಳು ತಿಂದು ಕರಗಿಸಿದ ಮೇಲೆ ಬೇರಿಗೆ ಸಿಗುತ್ತದೆ. ಅವಕ್ಕೆ ಹಸಿಯೂ ಬೇಕು, ಗಾಳಿಯೂ ಬೇಕು.

ಹೊಲದ ಲೆಕ್ಕವೂ ಇದೇ. 45 ಕಿಲೋ ಯೂರಿಯಾ ಚೀಲದಲ್ಲಿ ಸುಮಾರು 20 ಕಿಲೋ ಸಾರಜನಕ ಉಂಟು. ಮಣ್ಣಿನ ಜೀವಿಗಳ ಹೊಟ್ಟೆ ತುಂಬಿಸುವ ಕಸಕಡ್ಡಿ ಚಿಟಿಕೆಯಷ್ಟೂ ಇಲ್ಲ. ತೊಗರಿಯಂತೂ ತನ್ನ ಬೇರಿನ ಗಂಟುಗಳಲ್ಲಿ ರೈಜೋಬಿಯಂ ಸಾಕಿಕೊಂಡು ಗಾಳಿಯಿಂದಲೇ ಸಾರಜನಕ ಪಡೆಯುವ ಬೆಳೆ. ಯೂರಿಯಾ ಅತಿಯಾದರೆ ಗಂಟು ಕಟ್ಟುವುದೇ ಕಡಿಮೆಯಾಗುತ್ತದೆ. ದುಡ್ಡು ಕೊಟ್ಟು ಆಳನ್ನು ಬಿಡಿಸಿದ ಹಾಗೆ!

ಸರಕಾರಿ ಗೊಬ್ಬರ ಬಿಟ್ಟೇ ಬಿಡಿ ಅಂತ ನಾನು ಹೇಳುವುದಿಲ್ಲ. ಮಣ್ಣು ಪರೀಕ್ಷೆ ಮಾಡಿಸಿ, ಬೇಕಾದಷ್ಟೇ ಹಾಕೋಣ. 'ಎತ್ತು ಮಾರೀವಿ, ತಿಪ್ಪಿ ಎಲ್ಲಿಂದ ತರೋದ್ರಿ?' ಅಂತ ಕೇಳುವವರಿದ್ದಾರೆ. ಪ್ರಶ್ನೆ ಖರೆ ಅದ. ಆದರೆ ತೊಗರಿ ಹೊಟ್ಟು, ಉದುರಿದ ಎಲೆ, ಗೊನೆ ಕಡಿದ ಬಾಳೆಯ ದಿಂಡು ನಮ್ಮಲ್ಲೇ ಇವೆಯಲ್ಲ? ರೋಗವಿಲ್ಲದ ದಿಂಡನ್ನು ಕೊಚ್ಚಿ ಸಾಲಿನಲ್ಲೇ ಹಾಸಬಹುದು. ಅದಕ್ಕೆ ಬೆಂಕಿ ಹಚ್ಚುವವರು ಮಣ್ಣಿನ ಊಟಕ್ಕೇ ಬೆಂಕಿ ಹಚ್ಚಿದಂತೆ. ಒಮ್ಮೆಲೇ ಎಲ್ಲ ಆಗದಿದ್ದರೆ ವರ್ಷಕ್ಕೆ ಅರ್ಧ ಎಕರೆಯಾದರೂ ಆಗಲಿ.

ಕಮಲಾಪುರದ ಕೆಂಬಾಳೆಗೂ ಕಲಬುರಗಿಯ ತೊಗರಿಗೂ ಭೌಗೋಳಿಕ ಸೂಚಿಕೆಯ ಮನ್ನಣೆ ಸಿಕ್ಕಿದೆ. ಅದು ಸಿಕ್ಕಿದ್ದು ಈ ಮಣ್ಣಿನಿಂದ. ಮಣ್ಣು ಸತ್ತರೆ ಹೆಸರು ಇಟ್ಟುಕೊಂಡು ಏನು ಮಾಡೋಣ?

ಈ ಸಲ ತೊಗರಿ ಹೂ ಬಿಡುವ ಮೊದಲು, ನೆಲ ಹಸಿಯಿರುವಾಗ, ಒಂದು ಗಿಡವನ್ನು ಸಲಿಕೆಯಿಂದ ಅಗೆದು ತೆಗೆಯಿರಿ. ಕಿತ್ತರೆ ಗಂಟು ಮಣ್ಣಲ್ಲೇ ಉಳಿಯುತ್ತವೆ. ಬೇರು ತೊಳೆದು ಗಂಟು ಸೀಳಿ ನೋಡಿ. ಒಳಗೆ ಕೆಂಪಗಿದ್ದರೆ ಜೀವಿಗಳು ಕೆಲಸದಲ್ಲಿವೆ. ಗಂಟೇ ಇಲ್ಲದಿದ್ದರೆ ನಿಮ್ಮ ಹೊಲವೂ ನಮ್ಮ ಹುಡುಗಿಯ ಕುಂಡದ ದಾರಿ ಹಿಡಿದಿದೆಯೇ ಎಂದು ಯೋಚಿಸಿ. ಕಂಡದ್ದನ್ನು ಪತ್ರಿಕೆಗೆ ಬರೆದು ತಿಳಿಸಿ.