ಅಪರಾಧಶಾಸ್ತ್ರ ಅಂದರೆ ಪಿಎಸ್‌ಐ ಕೋಚಿಂಗ್ ಅಲ್ಲ

ಅಪರಾಧಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ ಎಂದರೆ ಸಿರುಗುಪ್ಪದ ನನ್ನ ನೆಂಟರು ಕೇಳುವುದು ಒಂದೇ: ‘ಹಂಗಾರ ಪಿಎಸ್‌ಐ ಯಾವಾಗ ಆಗ್ತಿ?’ ಅವರ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿರುವುದು ಈ ವಿಷಯವನ್ನು ಖಾಕಿಯ ಆಸೆ ತೋರಿಸಿ ಮಾರುವವರ ಮೇಲೆ.

ಪಿಎಸ್‌ಐ ಆಗಲು ಯಾವುದೇ ಪದವಿ ಸಾಕು. ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿದವರು ಬೇಕು. ಹೀಗಿದ್ದೂ ಕುರುಗೋಡಿನಿಂದ ಬೆಳಗಿನ ಬಸ್ಸು ಹಿಡಿದು ಬಳ್ಳಾರಿಗೆ ಬರುವ ಹುಡುಗ ಹುಡುಗಿಯರು ಎರಡು ವರ್ಷ ಇದನ್ನು ಓದಿ, ಆಮೇಲೆ ಕೋಚಿಂಗ್ ಸೆಂಟರಿನಲ್ಲಿ ಹೈಸ್ಕೂಲಿನ ಗಣಿತದಿಂದ ಮತ್ತೆ ಶುರು ಮಾಡುತ್ತಾರೆ. 545 ಪಿಎಸ್‌ಐ ಹುದ್ದೆಗಳಿಗೆ 2021ರಲ್ಲಿ ನಡೆದ ಪರೀಕ್ಷೆ ಏನಾಯಿತೆಂದು ಅವರಿಗೆಲ್ಲ ಗೊತ್ತು. ಒಎಂಆರ್ ಹಾಳೆ ತಿದ್ದಿದ, ಬ್ಲೂಟೂತ್‌ನಲ್ಲಿ ಉತ್ತರ ಹೇಳಿಸಿದ ಆರೋಪಗಳು ಹೊರಬಿದ್ದವು. ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಹಿರಿಯ ಐಪಿಎಸ್ ಅಧಿಕಾರಿಯೇ ಬಂಧನಕ್ಕೊಳಗಾದರು. 2022ರಲ್ಲಿ ರದ್ದಾದ ಪರೀಕ್ಷೆ ಮತ್ತೆ ನಡೆದದ್ದು 2024ರ ಜನವರಿಯಲ್ಲಿ. ನಿಯತ್ತಾಗಿ ಓದಿದವರ ವಯಸ್ಸು ಅಷ್ಟರಲ್ಲಿ ಜಾರಿತ್ತು. ಅಪರಾಧಶಾಸ್ತ್ರಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಕೆ? ನಾನು ಕೂತ ತರಗತಿಗಳಲ್ಲಿ ಅದು ಚಹಾದ ಹೊತ್ತಿನ ಹರಟೆಯಾಗಿಯೇ ಉಳಿಯಿತು.

ಪಾಠವಾಗುವುದು ಲೊಂಬ್ರೋಸೊ. ಇಟಲಿಯ ಆ ವೈದ್ಯ 1876ರ ತನ್ನ ಪುಸ್ತಕದಲ್ಲಿ ತಲೆಬುರುಡೆ, ದವಡೆ ನೋಡಿ ಅಪರಾಧಿಯನ್ನು ಗುರುತಿಸಬಹುದೆಂದ. ಅದು ತಪ್ಪೆಂದು ಬರೆದರೆ ಐದು ಅಂಕ. ಅದಕ್ಕೂ ಮುಂಚೆ, 1871ರಲ್ಲೇ, ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದು ಇಡೀ ಸಮುದಾಯಗಳನ್ನು ಹುಟ್ಟಾ ಕಳ್ಳರೆಂದು ಪಟ್ಟಿ ಮಾಡತೊಡಗಿದ್ದರು. ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. 1911ರ ಕಾಯ್ದೆ ಅಲ್ಲಿಗೂ ಬಂತು. ಕೊರಚ, ಕೊರವರಂಥವರು ಅದರ ಬಾಯಿಗೆ ಬಿದ್ದರು. 1952ರಲ್ಲಿ ಕಾಯ್ದೆ ಹೋಯಿತು. ಗುಮಾನಿ ಹೋಯಿತೇ? ಊರಲ್ಲಿ ಕಳವಾದರೆ ಜೀಪು ಮೊದಲು ಯಾರ ಗುಡಿಸಲ ಮುಂದೆ ನಿಲ್ಲುತ್ತದೆಂದು ಕೇಳಿ ಬರೆಯಲು ಯಾವ ವಿದ್ಯಾರ್ಥಿಯನ್ನೂ ಕಳಿಸುವುದಿಲ್ಲ.

ಇನ್ನು ಗಣಿ. ಅಪರಾಧವೆಂದರೆ ಬಡವರ ಕೇರಿಯಲ್ಲಿ ಹುಟ್ಟುವುದು ಎಂದು ನಂಬಿದ್ದವರ ಎದುರು ಅಮೆರಿಕದ ಎಡ್ವಿನ್ ಸದರ್ಲೆಂಡ್ 1939ರಲ್ಲಿ ‘ವೈಟ್ ಕಾಲರ್ ಕ್ರೈಂ’ ಎಂಬ ಮಾತು ಚಲಾವಣೆಗೆ ತಂದ. ನಾವು ಅದನ್ನು ಅಮೆರಿಕದ ಉದಾಹರಣೆಗಳೊಡನೆ ಬಾಯಿಪಾಠ ಮಾಡುತ್ತೇವೆ, ಬಳ್ಳಾರಿಯಲ್ಲಿ ಕೂತು! 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆ ಕೊಟ್ಟ ವರದಿ ಇದೆ. ಪರ್ಮಿಟ್, ಲಾರಿಯ ತೂಕ, ಬ್ಯಾಂಕ್ ಖಾತೆ, ಬಂದರಿನ ಲೆಕ್ಕ ಒಂದಕ್ಕೊಂದು ತಾಳೆ ನೋಡುತ್ತ ಅದಿರಿನ ಕಳ್ಳತನ ಹಿಡಿದ ಕೆಲಸ ಅದು. ಅದರ ಬೆನ್ನಿಗೇ ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ನಮ್ಮ ಬೀದಿಯ ಕೆಂಪು ದೂಳಿನ ಪುರಾವೆ ಅದರಲ್ಲಿದೆ. ಅದನ್ನು ಪಠ್ಯವಾಗಿಟ್ಟು ಓದಿಸಿದ್ದನ್ನು ನಾನಂತೂ ಕಂಡಿಲ್ಲ. 2024ರ ನವೆಂಬರಿನಲ್ಲಿ ಇಲ್ಲಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡು, ಡ್ರಿಪ್ಪಿನ ದ್ರಾವಣದ ಮೇಲೆ ಸಂಶಯ ಎದ್ದಾಗಲೂ ಅಷ್ಟೇ. ಚಾಕು, ರಕ್ತ, ಬೆರಳಚ್ಚು ಇಲ್ಲದ ಸಾವು ನಮ್ಮ ಸಿಲೆಬಸ್ಸಿಗೆ ಬಾರದು.

‘ಇದೆಲ್ಲ ಸರಿ, ಹೊಟ್ಟೆಪಾಡು?’ ಎನ್ನುತ್ತಾರೆ ಜೂನಿಯರ್‌ಗಳು. ನ್ಯಾಯವಾದ ಪ್ರಶ್ನೆ. ದೇಶದ ಜೈಲುಗಳಲ್ಲಿರುವವರಲ್ಲಿ ಸುಮಾರು ಮುಕ್ಕಾಲು ಪಾಲು ವಿಚಾರಣಾಧೀನರು. 2024ರ ಜುಲೈ 1ರಿಂದ ಜಾರಿಯಾದ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮಿನ ಪ್ರಕಾರ, ಮೊದಲ ಸಲ ಸಿಕ್ಕಿಬಿದ್ದವರು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೇ ಕಳೆದಿದ್ದರೆ ಬಾಂಡ್ ಮೇಲೆ ಹೊರಬರಬಹುದು. ಮರಣದಂಡನೆ, ಜೀವಾವಧಿಯ ಕೇಸುಗಳಿಗೆ, ಒಂದಕ್ಕಿಂತ ಹೆಚ್ಚು ಕೇಸು ಇದ್ದವರಿಗೆ ಇದಿಲ್ಲ. ಆ ದಿನಗಳನ್ನು ಎಣಿಸಿ ಅರ್ಜಿ ಸಿದ್ಧಮಾಡಲು ಬಳ್ಳಾರಿ ಸೆಂಟ್ರಲ್ ಜೈಲಿನಲ್ಲಿ ನಮ್ಮ ಓದಿನವರಿಗೆ ಹುದ್ದೆ ಕೊಡಿ. 1958ರ ಪ್ರೊಬೇಷನ್ ಕಾಯ್ದೆಯಡಿ ಆರೋಪಿಯ ಮನೆಗೆ ಹೋಗಿ ವರದಿ ಬರೆಯುವ ಕೆಲಸಕ್ಕೆ, ಬಾಲನ್ಯಾಯ ಮಂಡಳಿಗೆ, ಗಣಿ ಇಲಾಖೆಯ ಲೆಕ್ಕ ತನಿಖೆಗೆ ನಮ್ಮನ್ನು ಕರೆಯಿರಿ. ಅರ್ಹತೆಯ ಕಾಲಮಿನಲ್ಲಿ ಅಪರಾಧಶಾಸ್ತ್ರ ಎಂದು ಬರೆಸುವ ಹಟ ಪ್ರಾಧ್ಯಾಪಕರು ಹಿಡಿಯಬೇಕು, ಸಿಂಡಿಕೇಟ್ ಹಿಡಿಯಬೇಕು. ಅಲ್ಲಿಯವರೆಗೆ ಪ್ರವೇಶದ ಕರಪತ್ರದ ಮೇಲಿನ ಆ ಪೊಲೀಸ್ ಟೋಪಿಯ ಚಿತ್ರವನ್ನಾದರೂ ತೆಗೆಯಿರಿ.