ಕಿಟಕಿ ಮುಚ್ಚಿದ ದಾಸವಾಳ

ರಾಜ್ಯದಲ್ಲಿ ತೀರಾ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಚಳ್ಳಕೆರೆ, ಮೊಳಕಾಲ್ಮುರು ಸೇರಿವೆ. ಆದರೂ ಬಚ್ಚಲ ನೀರು ಹರಿಯುವಲ್ಲಿ ನೆಟ್ಟ ದಾಸವಾಳಕ್ಕೆ ಬರವಿಲ್ಲ. ನಾಲ್ಕೈದು ವರ್ಷಗಳಲ್ಲಿ ಅದು ಸೂರು ಮುಟ್ಟಿ, ಕಿಟಕಿ ಮುಚ್ಚಿ, ಮಕ್ಕಳು ಓದುವ ಕೋಣೆಗೆ ಹಗಲಲ್ಲೇ ಕತ್ತಲೆ ತರುತ್ತದೆ. ಬುಡದಲ್ಲಿ ಹಾವು ಸೇರೀತೆಂಬ ಭಯ ಬೇರೆ. ಅಪ್ಪ ಮಚ್ಚು ಹಿಡಿದು ‘ಬುಡಕ್ಕೇ ಕಡಿದುಬಿಡೋಣ’ ಎನ್ನುತ್ತಾರೆ. ಪೂಜೆಗೆ ಹೂ ಬೇಕಾದ ಅಮ್ಮ ‘ತುದಿ ಸವರಿದರೆ ಸಾಕು’ ಎನ್ನುತ್ತಾರೆ. ಯಾರ ಮಾತು ಸರಿ?

ಉತ್ತರ ರೆಂಬೆಯ ತುದಿಮೊಗ್ಗಿನಲ್ಲಿದೆ. ಅದು ಆಕ್ಸಿನ್ ಎಂಬ ಹಾರ್ಮೋನನ್ನು ಕೆಳಕ್ಕೆ ಕಳುಹಿಸುತ್ತದೆ. ತುದಿ ಇರುವವರೆಗೆ ಎಲೆಗಳ ಕಂಕುಳಲ್ಲಿರುವ ಮೊಗ್ಗುಗಳು ಮಲಗಿಯೇ ಇರುತ್ತವೆ. 1933ರಲ್ಲಿ ಥಿಮನ್ ಮತ್ತು ಸ್ಕೂಗ್ ಎಂಬ ವಿಜ್ಞಾನಿಗಳು ತುದಿ ಕತ್ತರಿಸಿದ ಗಿಡಕ್ಕೆ ಆಕ್ಸಿನ್ ಹಚ್ಚಿ, ಪಕ್ಕದ ಮೊಗ್ಗು ಚಿಗುರದಂತೆ ತಡೆದು ತೋರಿಸಿದರು. ತುದಿ ಹೋದೊಡನೆ ಸಕ್ಕರೆಯೂ ಈ ಮೊಗ್ಗುಗಳತ್ತ ಹರಿದು ಅವನ್ನು ಎಬ್ಬಿಸುತ್ತದೆಂದು 2014ರಲ್ಲಿ ಬಟಾಣಿ ಗಿಡಗಳ ಮೇಲಿನ ಪ್ರಯೋಗ ತಿಳಿಸಿತು. ಹೀಗಾಗಿ ತುದಿಯನ್ನಷ್ಟೇ ಸವರಿದರೆ ಒಂದು ರೆಂಬೆಯಿದ್ದಲ್ಲಿ ಎರಡು ಮೂರು ಮೂಡುತ್ತವೆ. ಪೊದೆ ಹೊರಗೆ ಇನ್ನೂ ದಟ್ಟವಾಗಿ, ಒಳಗೆ ಒಣಗುತ್ತದೆ.

ಹಾಗಾದರೆ ಬುಡಕ್ಕೇ ಕಡಿಯಬಹುದೆ? ರೇಷ್ಮೆ ಬೆಳೆಗಾರರು ಹಿಪ್ಪುನೇರಳೆಯನ್ನು ಹಾಗೆ ಕಡಿಯುತ್ತಾರಲ್ಲ! ನಿಜ. ಆದರೆ ಅವರು ಹದ ನೋಡಿ ಕಡಿದು, ಗೊಬ್ಬರ ಕೊಡುತ್ತಾರೆ. ಬೇರಿನಲ್ಲಿ ಕೂಡಿಟ್ಟ ಪಿಷ್ಟದ ಬಲದಿಂದ ಅದು ಮತ್ತೆ ಚಿಗುರುತ್ತದೆ. ಹಳೆಯ, ಸೊರಗಿದ ದಾಸವಾಳವನ್ನು ಬಿರುಬೇಸಿಗೆಯಲ್ಲಿ ಪೂರ್ತಿ ಕಡಿದರೆ ಅದು ಚೇತರಿಸಿಕೊಳ್ಳುತ್ತದೆಂಬ ಭರವಸೆಯಿಲ್ಲ.

ನಡುದಾರಿಯೇ ಲೇಸು. ಮುಂಗಾರಿನ ಹದ ಬಿದ್ದ ಮೇಲೆ ಮೊದಲು ಒಣಗಿದ, ರೋಗ ಹತ್ತಿದ ರೆಂಬೆಗಳನ್ನು ತೆಗೆಯಬೇಕು. ಆಮೇಲೆ ಅತಿ ಹಳೆಯ ಕಾಂಡಗಳಲ್ಲಿ ಮೂರನೆಯ ಒಂದು ಭಾಗವನ್ನು ಬುಡದಲ್ಲೇ ಕೊಯ್ಯಬೇಕು. ಉಳಿದವನ್ನು ಗೋಡೆಗೆ ವಿಮುಖವಾದ ಮೊಗ್ಗಿನ ಮೇಲೆ ಅರ್ಧ ಸೆಂಟಿಮೀಟರ್ ಬಿಟ್ಟು, ಓರೆಯಾಗಿ ಕತ್ತರಿಸಿದರಾಯಿತು. ಹೀಗೆ ಮೂರು ವರ್ಷ ಮಾಡಿದರೆ ಇಡೀ ಪೊದೆ ಹೊಸದಾಗುತ್ತದೆ. ದಾಸವಾಳ ಹೂ ಬಿಡುವುದು ಹೊಸ ಚಿಗುರಿನಲ್ಲಿ. ಆದ್ದರಿಂದ ಅಮ್ಮನಿಗೂ ನಷ್ಟವಿಲ್ಲ.

ಕೈ ಹಾಕುವ ಮುನ್ನ ಉದ್ದನೆಯ ಕೋಲಿನಿಂದ ಪೊದೆಯನ್ನು ಅಲುಗಿಸಿ ನೋಡಬೇಕು. ಒಳಗೆ ಹಕ್ಕಿಯ ಗೂಡಿದ್ದರೆ ಮರಿ ಹಾರುವವರೆಗೆ ಕಾಯುವುದು ಒಳ್ಳೆಯದು. ಕಿಟಕಿ ಮುಚ್ಚಿರುವುದು ದಾಸವಾಳವಲ್ಲದೆ ಕಣಗಿಲೆಯಾಗಿದ್ದರೆ ಹೆಚ್ಚಿನ ಎಚ್ಚರ ಬೇಕು. ಅದರ ಎಲೆ, ಕಾಂಡ, ಹೂ ಎಲ್ಲವೂ ವಿಷ. ಕುರಿ ಸಾಕುವ ಈ ಸೀಮೆಯಲ್ಲಿ ಕತ್ತರಿಸಿದ ಸೊಪ್ಪನ್ನು ಬೀದಿಗೆ ಎಸೆಯಬಾರದು. ಕಡ್ಡಿಯನ್ನು ನೀರೊಲೆಗೂ ಹಾಕಬಾರದು, ಹೊಗೆಯೂ ಅಪಾಯಕಾರಿ.

ಮಕ್ಕಳಿಗೂ ಇಲ್ಲೊಂದು ಕೆಲಸವಿದೆ. ಒಂದೇ ದಪ್ಪದ ಎರಡು ರೆಂಬೆಗಳಿಗೆ ದಾರ ಕಟ್ಟಿ, ಒಂದರ ತುದಿಯನ್ನು ಮಾತ್ರ ಚಿವುಟಲಿ. ಮೂರು ವಾರ ಎರಡರಲ್ಲೂ ಮೂಡಿದ ಚಿಗುರುಗಳನ್ನು ಎಣಿಸಿ ಬರೆದಿಡಲಿ. ಆಕ್ಸಿನ್ ಮಾಡುವ ಕೆಲಸ ಆಗ ಪುಸ್ತಕದಲ್ಲಷ್ಟೇ ಅಲ್ಲ, ಬೆಳಕು ಬಿದ್ದ ಕಿಟಕಿಯಾಚೆಯೂ ಕಾಣುತ್ತದೆ.